ಬತ್ತಿದ ಬೋರಿಗೂ ಒಂದು ಚುಕ್ಕಿ

ಹಿರಿಯೂರು, ಚಳ್ಳಕೆರೆ ಕಡೆಯ ಹಳ್ಳಿಗಳಲ್ಲಿ ಬೋರ್‌ವೆಲ್ ಪಟ್ಟಿ ಕೇಳಿದರೆ ಸಾಮಾನ್ಯವಾಗಿ ಸಿಗುವುದು ಸರ್ವೆ ನಂಬರ್ ಮತ್ತು ರೈತರ ಹೆಸರು, ಅಷ್ಟೇ. ಆ ಸರ್ವೆ ನಂಬರ್ ಹತ್ತು ಎಕರೆ ಇದ್ದರೆ ಬೋರು ಯಾವ ಮೂಲೆಯಲ್ಲಿದೆ ಅಂತ ಗೊತ್ತಾಗುವುದಿಲ್ಲ. ಹಳ್ಳದ ಪಕ್ಕದಲ್ಲಿದೆಯೋ, ದಿಬ್ಬದ ಮೇಲಿದೆಯೋ ತಿಳಿಯುವುದಿಲ್ಲ. ನೀರಿನ ವಿಷಯದಲ್ಲಿ ಮುಖ್ಯವಾದದ್ದೇ ಅದು ಅಲ್ವಾ? ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಪಟ್ಟಿಯಲ್ಲಿ ನೀರು ಬಂದ ಬೋರು ಮಾತ್ರ ಇರುತ್ತದೆ. ಸಾಲ ಮಾಡಿ ಕೊರೆಸಿ, ಬರೀ ಧೂಳು ಹಾರಿ, ಬಾಯಿಗೆ ಕಲ್ಲು ಮುಚ್ಚಿದ ಬೋರು ಯಾರ ಲೆಕ್ಕಕ್ಕೂ ಬರುವುದಿಲ್ಲ.

ನಾನು ಈ ಭಾಗದಲ್ಲಿ ಜಲಾನಯನ ಮತ್ತು ಅಂತರ್ಜಲದ ಕೆಲಸ ಮಾಡುವವನು. ಕೆರೆ, ಗೋಕಟ್ಟೆ, ಚೆಕ್‌ಡ್ಯಾಂ, ಕೃಷಿ ಹೊಂಡ, ಬೋರು ಎಲ್ಲವನ್ನೂ ಜಿಪಿಎಸ್ ಹಿಡಿದು ನಕ್ಷೆಗೆ ಏರಿಸುವುದು ನನ್ನ ಕೆಲಸದ ದೊಡ್ಡ ಪಾಲು. ಅದನ್ನು ಹೇಗೆ ಮಾಡುತ್ತೇನೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಇದೇ ಕೆಲಸಕ್ಕೆ ಇಳಿಯುವವರಿಗೆ ಉಪಯೋಗಕ್ಕೆ ಬರಲಿ.

ಸಾಮಾನು ಜಾಸ್ತಿ ಬೇಕಿಲ್ಲ. ಲ್ಯಾಪ್‌ಟಾಪ್‌ನಲ್ಲಿ ನಕ್ಷೆ ಮಾಡುವ ಕ್ಯೂಜಿಐಎಸ್ ತಂತ್ರಾಂಶ, ಫೋನಿನಲ್ಲಿ ಅದೇ ನಕ್ಷೆ ತೆರೆದು ಹೊಲದಲ್ಲೇ ಮಾಹಿತಿ ತುಂಬುವ ಕ್ಯೂಫೀಲ್ಡ್. ಎರಡೂ ಉಚಿತ. ಮನೆಯಲ್ಲಿ ಕೂತು ನಕ್ಷೆಯ ಪದರಗಳನ್ನು ಕ್ಯೂಜಿಐಎಸ್‌ನಲ್ಲಿ ಜೋಡಿಸುತ್ತೇನೆ. ಅದೇ ಪ್ರಾಜೆಕ್ಟನ್ನು ಫೋನಿಗೆ ಹಾಕಿಕೊಂಡು ಹೊಲಕ್ಕೆ ಹೋಗುತ್ತೇನೆ. ಊರಿನ ಗಡಿ, ಸರ್ವೆ ನಂಬರ್ ಗೆರೆಗಳು, ಕೆರೆಗಳ ಅಂಚು, ಹಳ್ಳಗಳು, ಅಡಿಯಲ್ಲಿ ಒಂದು ಉಪಗ್ರಹ ಚಿತ್ರ. ಇಷ್ಟೂ ಫೋನಿನ ಒಳಗೇ ಇರಬೇಕು. ಗುಡ್ಡದ ಹಿಂದೆ ಹೋದರೆ ನೆಟ್‌ವರ್ಕ್ ಇರುವುದಿಲ್ಲ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ, ಆದರೆ ಅಡಿಯ ಉಪಗ್ರಹ ಚಿತ್ರ ಕಾಣದಿದ್ದರೆ ನೀವು ನಿಂತಿರುವುದು ಯಾವ ಹಳ್ಳದ ಪಕ್ಕ ಅಂತ ತಿಳಿಯುವುದು ಕಷ್ಟ.

ಉಪಗ್ರಹ ಚಿತ್ರಕ್ಕೆ ಸೆಂಟಿನೆಲ್-2 ಬಳಸುತ್ತೇನೆ. ಅದೂ ಉಚಿತ. 10 ಮೀಟರ್ ಸ್ಪಷ್ಟತೆ, ಐದು ದಿನಕ್ಕೊಮ್ಮೆ ಹೊಸ ಚಿತ್ರ. ಒಂದೇ ಊರಿನ ನವೆಂಬರ್ ಚಿತ್ರ ಮತ್ತು ಏಪ್ರಿಲ್ ಚಿತ್ರ ಎರಡನ್ನೂ ಇಟ್ಟುಕೊಂಡರೆ ಯಾವ ಕೆರೆಯಲ್ಲಿ ನೀರು ನಿಲ್ಲುತ್ತದೆ, ಯಾವುದು ಸುಮ್ನೆ ಹೆಸರಿಗೆ ಕೆರೆ ಅಂತ ಹೋಗುವ ಮುಂಚೆಯೇ ಅಂದಾಜು ಸಿಗುತ್ತದೆ. ಏಪ್ರಿಲ್‌ನಲ್ಲಿ ಕೆರೆ ಅಂಗಳ ಹಸಿರಾಗಿ ಕಂಡರೆ ಬೆಳೆ ಅಂದುಕೊಳ್ಳಬೇಡಿ. ನಮ್ಮ ಕಡೆ ಬಹಳ ಸಲ ಅದು ಬಳ್ಳಾರಿ ಜಾಲಿ.

ಹಳ್ಳಗಳನ್ನು ಎತ್ತರದ ದತ್ತಾಂಶದಿಂದ ಕ್ಯೂಜಿಐಎಸ್ಸೇ ಗೆರೆ ಎಳೆದು ಕೊಡುತ್ತದೆ. ಇಸ್ರೋದ ಭುವನ್ ತಾಣದಲ್ಲಿ ಸಿಗುವ ಕಾರ್ಟೊಸ್ಯಾಟ್ ಉಪಗ್ರಹದ ದತ್ತಾಂಶ ಇದಕ್ಕೆ ಸಾಕು. ಹೊಳಲ್ಕೆರೆ ಕಡೆಯ ಗುಡ್ಡಗಾಡಿನಲ್ಲಿ ಈ ಗೆರೆ ಚೆನ್ನಾಗಿ ಕೂರುತ್ತದೆ. ಚಳ್ಳಕೆರೆ, ಹಿರಿಯೂರಿನ ಸಮತಟ್ಟು ಎರೆ ಹೊಲಗಳಲ್ಲಿ ಗೆರೆ ದಾರಿ ತಪ್ಪುತ್ತದೆ. ಅಲ್ಲಿ ಒಂದೆರಡು ಅಡಿ ಎತ್ತರದ ಬದು ನೀರನ್ನು ತಿರುಗಿಸುತ್ತದೆ, 30 ಮೀಟರ್ ಚೌಕದ ದತ್ತಾಂಶಕ್ಕೆ ಬದು ಕಾಣುವುದೇ ಇಲ್ಲ. ಅಂಥ ಕಡೆ ಹಳ್ಳದ ಜೊತೆಗೇ ನಡೆದು ಗೆರೆ ತಿದ್ದುವುದೇ ದಾರಿ.

ಹಳೆಯ ಟೋಪೋಶೀಟ್, ಅಂದರೆ ಸರ್ವೆ ಆಫ್ ಇಂಡಿಯಾದ ನಕ್ಷೆ ಹಾಳೆ ಬಳಸುವವರಿಗೆ ಒಂದು ಮಾತು. ಚಿತ್ರದುರ್ಗ ಬರುವುದು 57 ಬಿ ಹಾಳೆಯಲ್ಲಿ, ದಾವಣಗೆರೆ ಊರು 48 ಎನ್‌ನಲ್ಲಿ. ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳು ಎವರೆಸ್ಟ್ ಡೇಟಮ್ (ಸ್ಥಾನ ಅಳೆಯುವ ಆಧಾರ) ಮೇಲೆ ಇವೆ, ಜಿಪಿಎಸ್ ಇರುವುದು ಡಬ್ಲ್ಯೂಜಿಎಸ್ 84 ಮೇಲೆ. ಅದನ್ನು ಪರಿವರ್ತಿಸದೆ ಹಾಕಿದರೆ ನಮ್ಮ ಭಾಗದಲ್ಲಿ ನೂರರಿಂದ ಇನ್ನೂರು ಮೀಟರ್ ಸರಿಯುತ್ತದೆ. ಕೆರೆಯ ಏರಿ ಕೆರೆಯ ನಡುವೆ ಬಂದು ಕೂರುತ್ತದೆ. ನಕ್ಷೆಯ ಪ್ರೊಜೆಕ್ಷನ್ನಿಗೆ, ಅಂದರೆ ದುಂಡು ಭೂಮಿಯನ್ನು ಸಮತಟ್ಟು ಹಾಳೆಗೆ ಇಳಿಸುವ ವಿಧಾನಕ್ಕೆ, ಯುಟಿಎಂ 43 ಉತ್ತರ ಆರಿಸಿ. ಎರಡೂ ಜಿಲ್ಲೆ ಅದರೊಳಗೇ ಬರುತ್ತವೆ, ದೂರ, ವಿಸ್ತೀರ್ಣ ಎಲ್ಲ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ.

ಇನ್ನು ಫಾರಂ. ಬೋರಿನ ಪಕ್ಕ ನಿಂತು ಚುಕ್ಕಿ ಇಡುವುದು ಒಂದು ನಿಮಿಷದ ಕೆಲಸ. ಆ ಚುಕ್ಕಿಯ ಜೊತೆ ಏನು ಬರೆದುಕೊಳ್ಳುತ್ತೀರಿ ಅನ್ನುವುದರ ಮೇಲೆ ಇಡೀ ನಕ್ಷೆಯ ಬೆಲೆ ನಿಂತಿದೆ. ನಾನು ಹೆಚ್ಚು ಸಮಯ ಕೊಟ್ಟಿದ್ದು, ಮತ್ತೆ ಮತ್ತೆ ತಿದ್ದಿದ್ದು ಇದನ್ನೇ.

ಮೊದಲನೆಯದಾಗಿ ಫಾರಂ ಕನ್ನಡದಲ್ಲಿದೆ. ಕ್ಯೂಫೀಲ್ಡ್‌ನಲ್ಲಿ ಪ್ರಶ್ನೆಯನ್ನೂ, ಆರಿಸುವ ಉತ್ತರಗಳನ್ನೂ ಕನ್ನಡದಲ್ಲೇ ಇಡಬಹುದು. ಊರಿನ ಹುಡುಗರು ಜೊತೆಗೆ ಬಂದಾಗ ಅವರೇ ತುಂಬುತ್ತಾರೆ. ಎರಡನೆಯದು ಅಳತೆ. ರೈತರು ಆಳವನ್ನು ಅಡಿಯಲ್ಲಿ ಹೇಳುತ್ತಾರೆ, ನೀರನ್ನು ಇಂಚಿನಲ್ಲಿ ಹೇಳುತ್ತಾರೆ. 'ಆರ್‌ನೂರ ಇಪ್ಪತ್ತು ಅಡಿ, ಒಂದೂವರೆ ಇಂಚು ನೀರು' ಅಂದರೆ ಹಾಗೇ ಬರೆದುಕೊಳ್ಳುತ್ತೇನೆ. ಮೀಟರ್, ಲೀಟರ್‌ಗೆ ಬದಲಾಯಿಸುವುದು ಮನೆಗೆ ಬಂದ ಮೇಲೆ, ಕಂಪ್ಯೂಟರಿನ ಕೆಲಸ. ಬಿಸಿಲಲ್ಲಿ ನಿಂತು ತಲೆಯಲ್ಲೇ ಲೆಕ್ಕ ಹಾಕಿದರೆ ಅಂಕಿ ಕೆಡುತ್ತದೆ. ಕೇಸಿಂಗ್, ಅಂದರೆ ಬೋರಿನ ಮೇಲ್ಭಾಗಕ್ಕೆ ಹಾಕುವ ಪೈಪು, ಎಷ್ಟು ಅಡಿ ಇಳಿಸಿದರು ಅಂತ ತಪ್ಪದೆ ಕೇಳುತ್ತೇನೆ. ಕೇಸಿಂಗ್‌ಗೆ ಬೇರೆಯೇ ದುಡ್ಡು ಕೊಟ್ಟಿರುತ್ತಾರೆ, ಹಾಗಾಗಿ ಅದು ನೆನಪಿರುತ್ತದೆ. ಮೇಲಿನ ಸಡಿಲ ಮಣ್ಣು, ಶಿಥಿಲ ಕಲ್ಲು ಎಷ್ಟು ದಪ್ಪ ಇದೆ ಅನ್ನುವುದಕ್ಕೆ ಅದೇ ಒಳ್ಳೆಯ ಸುಳಿವು. ಗ್ಯಾಪ್, ಅಂದರೆ ಕಲ್ಲಿನಲ್ಲಿ ನೀರಿರುವ ಬಿರುಕು, ಎಷ್ಟು ಅಡಿಗೆ ಸಿಕ್ಕಿತು ಅನ್ನುವುದು ಇನ್ನೊಂದು ಪ್ರಶ್ನೆ.

ಯಾವ ವರ್ಷ ಕೊರೆಸಿದ್ದು ಅಂತ ನೇರವಾಗಿ ಕೇಳಿದರೆ 'ಆಗಿರಬೌದು ಸಾ, ಏಳೆಂಟು ವರ್ಷ' ಅನ್ನುತ್ತಾರೆ. ಅದು ಐದೂ ಆಗಬಹುದು, ಹತ್ತೂ ಆಗಬಹುದು. ಅದಕ್ಕೆ ಬೇರೆ ರೀತಿ ಕೇಳುತ್ತೇನೆ.

"ಯಜಮಾನ್ರೇ, ಮಾರಿಕಣಿವೆ ಕೋಡಿ ಬಿತ್ತಲ್ಲ, ಅದಕ್ಕಿಂತ ಮುಂಚೆನಾ ಆಮೇಲಾ?"

"ಮುಂಚೆ ಸಾ. ಕೊರೋನಾದಾಗೆ. ಬೋರ್ ಗಾಡಿಯೋರು ಬರಾಕೇ ಒಪ್ತಿರಲಿಲ್ಲ."

ಸಿಕ್ಕಿತು, 2020 ಅಥವಾ 2021. ಮಾರಿಕಣಿವೆ ಅಂದರೆ ವಾಣಿವಿಲಾಸ ಸಾಗರ; ಅದು 1933ರ ನಂತರ ಮತ್ತೆ ಕೋಡಿ ಬಿದ್ದಿದ್ದು 2022ರ ಸೆಪ್ಟೆಂಬರ್‌ನಲ್ಲಿ. ಹಿರಿಯೂರಿನ ಸುತ್ತ ಅದು ನೆನಪಿಲ್ಲದವರು ಸಿಗುವುದು ಅಪರೂಪ. ನೋಟು ರದ್ದಾದ ವರ್ಷ 2016, ಮಗಳ ಮದುವೆ, ಮನೆ ಕಟ್ಟಿಸಿದ್ದು ಹೀಗೆ ಒಂದಕ್ಕೊಂದು ತಾಳೆ ಹಾಕಿದರೆ ವರ್ಷ ಸರಿಯಾಗಿ ಕೂರುತ್ತದೆ. ವರ್ಷ ಸರಿ ಇಲ್ಲದಿದ್ದರೆ ಆಳದ ಅಂಕಿಗೆ ಅರ್ಥವೇ ಇಲ್ಲ. ಹಳೆಯ 250 ಅಡಿಯ ಬೋರನ್ನೂ ಹೊಸ 800 ಅಡಿಯದನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಂತೆ ಆಗುತ್ತದೆ.

ನೀರಿಲ್ಲದ ಬೋರಿಗೆ ಫಾರಂನಲ್ಲಿ ಎರಡು ಬೇರೆ ಉತ್ತರ ಇಟ್ಟಿದ್ದೇನೆ. 'ಕೊರೆದ ದಿನವೇ ನೀರಿಲ್ಲ' ಒಂದು. 'ಓಡಿ ಆಮೇಲೆ ಬತ್ತಿತು' ಇನ್ನೊಂದು. ಜನ ಎರಡಕ್ಕೂ ಫೇಲ್ ಅಂತಲೇ ಹೇಳುತ್ತಾರೆ. ಆದರೆ ಮೊದಲನೆಯದು ಅಲ್ಲಿನ ಕಲ್ಲಿನ ಬಗ್ಗೆ ಹೇಳುತ್ತದೆ: ಇಲ್ಲಿ ಬಿರುಕಿಲ್ಲ, ನೀರು ಕೂರುವ ಜಾಗ ಇಲ್ಲ. ಎರಡನೆಯದು ನಮ್ಮ ಬಗ್ಗೆ ಹೇಳುತ್ತದೆ: ಜಾಗ ಇತ್ತು, ಇಂಗಿದ್ದಕ್ಕಿಂತ ಜಾಸ್ತಿ ಎತ್ತಿದೆವು. ಮೊದಲನೆಯ ಕಡೆ ಇಂಗುಗುಂಡಿ ತೋಡಿದರೆ ಫಲ ಕಡಿಮೆ. ಎರಡನೆಯ ಕಡೆ ಮೇಲ್ಭಾಗದ ಚೆಕ್‌ಡ್ಯಾಂ ಹೂಳೆತ್ತಿದರೆ ನೀರು ಮರಳುವ ಆಸೆ ಇದೆ. ಎರಡನ್ನೂ ಒಂದೇ ಬಣ್ಣದಲ್ಲಿ ಹಾಕಿದ ನಕ್ಷೆ ನೋಡಿದರೆ ನನಗೆ ನಿಜವಾಗಿ ಸಂಕಟ ಆಗುತ್ತದೆ. ಅಷ್ಟು ಖರ್ಚು ಮಾಡಿ ರೈತರು ಕಂಡುಕೊಂಡ ವಿಷಯವನ್ನು ನಾವೇ ಅಳಿಸಿಹಾಕಿದ ಹಾಗೆ ಅದು.

ಬಾಯಿ ಮುಚ್ಚಿದೆಯಾ ಅನ್ನುವ ಪ್ರಶ್ನೆಯೂ ಕಡ್ಡಾಯ, ಫೋಟೋ ಸಮೇತ. ಪಾಳು ಬೋರುಗಳನ್ನು ಮುಚ್ಚಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ನಿರ್ದೇಶನ ಕೊಟ್ಟಿದೆ. ತೆರೆದ ಬಾಯಿ ಕಂಡರೆ ಸಂಜೆಯವರೆಗೆ ಕಾಯುವುದಿಲ್ಲ. ಅಲ್ಲೇ ರೈತರನ್ನು ಕರೆದು ಚಪ್ಪಡಿ ಮುಚ್ಚಿಸಿ, ಜಾಗವನ್ನು ಪಂಚಾಯಿತಿಗೆ ವಾಟ್ಸ್ಆ್ಯಪ್ ಮಾಡಿ ಮುಂದೆ ಹೋಗುತ್ತೇನೆ.

ಜಿಪಿಎಸ್ ಎಷ್ಟು ನಂಬಬೇಕು? ಬಯಲಿನಲ್ಲಿ, ಆಕಾಶ ತೆರೆದಿದ್ದರೆ ಒಳ್ಳೆಯ ಫೋನು 3ರಿಂದ 5 ಮೀಟರ್‌ನಲ್ಲಿ ಹಿಡಿಯುತ್ತದೆ. ಆಂಡ್ರಾಯ್ಡ್ '4 ಮೀಟರ್' ಅಂತ ತೋರಿಸಿದರೆ ನೀವು ಆ ವೃತ್ತದೊಳಗೆ ಇರುವ ಸಾಧ್ಯತೆ ನೂರಕ್ಕೆ 68 ಅಷ್ಟೇ, ಹೊರಗೂ ಇರಬಹುದು. ಅಡಿಕೆ ತೋಟದ ಒಳಗೆ, ದೊಡ್ಡ ಬಂಡೆಗಳ ಪಕ್ಕ ಈ ವೃತ್ತ ದೊಡ್ಡದಾಗುತ್ತದೆ. ಚಿತ್ರದುರ್ಗದ ಸುತ್ತಲಿನ ಕಲ್ಲುಗುಡ್ಡಗಳ ಬುಡದಲ್ಲಂತೂ ಸಿಗ್ನಲ್ ಬಂಡೆಗೆ ಬಡಿದು ತಿರುಗಿ ಬರುವುದರಿಂದ ಚುಕ್ಕಿ ಕುಣಿಯುತ್ತದೆ. ಹಾಗಾಗಿ ಬೋರಿನ ಕೇಸಿಂಗ್ ಪಕ್ಕ ಫೋನು ಹಿಡಿದು ಸ್ವಲ್ಪ ಹೊತ್ತು ಸುಮ್ನೆ ನಿಲ್ಲಬೇಕು. ಹಲವು ಸಲದ ಸ್ಥಾನ ತೆಗೆದುಕೊಂಡು ಸರಾಸರಿ ಮಾಡುವ ಸೌಲಭ್ಯ ಕ್ಯೂಫೀಲ್ಡ್‌ನಲ್ಲಿದೆ, ಅದನ್ನು ಬಳಸಿ. ಆಗಿನ ನಿಖರತೆಯ ಅಂಕಿಯೂ ಚುಕ್ಕಿಯ ಜೊತೆ ತಾನಾಗೇ ದಾಖಲಾಗುವಂತೆ ಇಟ್ಟಿದ್ದೇನೆ. ನಾಳೆ ಬೇರೆಯವರು ನಕ್ಷೆ ನೋಡಿದಾಗ ಯಾವ ಚುಕ್ಕಿಯನ್ನು ಎಷ್ಟು ನಂಬಬಹುದು ಅಂತ ಅವರಿಗೆ ಗೊತ್ತಾಗಬೇಕು.

ಬೋರು, ಚೆಕ್‌ಡ್ಯಾಂ ಗುರುತಿಸಲು ಇಷ್ಟು ಸಾಕು. ಹೊಲದ ಗಡಿಗೆ ಸಾಲದು. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, ಒಂದು ಬದಿ ಹತ್ತು ಮೀಟರ್. ಐದು ಮೀಟರ್ ಆಚೀಚೆ ಆದರೆ ಅರ್ಧ ಗುಂಟೆಯೇ ಹೋಯಿತು. ಹೊಲದಲ್ಲಿ ಫೋನು ಹಿಡಿದವರನ್ನು ಕಂಡ ತಕ್ಷಣ 'ಸಾರ್, ನಮ್ ಬದು ಎಲ್ಲಿಗೆ ಬರುತ್ತೆ ನೋಡಿ' ಅಂತ ಯಾರಾದರೂ ಬಂದೇ ಬರುತ್ತಾರೆ. ದಿಶಾಂಕ್ ಆ್ಯಪ್ ತೆಗೆದು ಯಾವ ಸರ್ವೆ ನಂಬರ್‌ನಲ್ಲಿ ನಿಂತಿದ್ದೇವೆ ಅಂತ ತೋರಿಸುತ್ತೇನೆ. ಗಡಿಯ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಅದು ಭೂಮಾಪಕರ ಕೆಲಸ. ಅವರ ಹತ್ತಿರ ಟಿಪ್ಪಣಿ, ಆಕಾರಬಂದ್ ಅನ್ನುವ ಅಳತೆ ದಾಖಲೆಗಳು ಇರುತ್ತವೆ, ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುವ ರೋವರ್ ಇರುತ್ತದೆ. ನಾವು ಫೋನು ನೋಡಿ ಆಡಿದ ಒಂದು ಮಾತಿಗೆ ಅಣ್ಣ ತಮ್ಮಂದಿರು ಜಗಳಕ್ಕೆ ನಿಂತಾರು.

ಎತ್ತರದ ಅಂಕಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಚಿತ್ರದುರ್ಗ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ. ಊರಲ್ಲೇ ನಿಂತು ಬಹಳಷ್ಟು ಜಿಪಿಎಸ್ ಆ್ಯಪ್ ತೆರೆದರೆ 650ರ ಆಸುಪಾಸು ತೋರಿಸುತ್ತದೆ. ಫೋನು ಕೆಟ್ಟಿಲ್ಲ. ಜಿಪಿಎಸ್ ಅಳೆಯುವುದು ಭೂಮಿಯ ಆಕಾರಕ್ಕೆ ಗಣಿತದಲ್ಲಿ ಕಲ್ಪಿಸಿದ ಒಂದು ನುಣುಪಾದ ಮೈಯಿಂದ. ನಮ್ಮ ಭಾಗದಲ್ಲಿ ನಿಜವಾದ ಸಮುದ್ರಮಟ್ಟ ಆ ಮೈಗಿಂತ 80-90 ಮೀಟರ್ ಕೆಳಗಿದೆ. ಈ ವ್ಯತ್ಯಾಸ ಸೇರಿಸದೆ ಫೋನಿನ ಎತ್ತರವನ್ನೂ ಟೋಪೋಶೀಟಿನ ಎತ್ತರವನ್ನೂ ಒಂದೇ ಕೋಷ್ಟಕದಲ್ಲಿ ಹಾಕಿದರೆ ಎಲ್ಲ ಅಡಿಮೇಲು. ಸೇರಿಸಿದ ಮೇಲೂ ಫೋನಿನ ಎತ್ತರ ಅಡ್ಡ ಅಳತೆಯಷ್ಟು ನಿಖರ ಇರುವುದಿಲ್ಲ. ಚೆಕ್‌ಡ್ಯಾಂ ಜಾಗ ಗೊತ್ತು ಮಾಡುವಾಗ ನಾನು ಇವತ್ತಿಗೂ ಮಟ್ಟ ಅಳೆಯುವ ಹಳೆಯ ಉಪಕರಣ ಡಂಪಿ ಲೆವೆಲ್ಲನ್ನೇ ಹೂಡುವುದು.

ಚುಕ್ಕಿಗಳೆಲ್ಲ ಸೇರಿದ ಮೇಲೆ ಏನು ಸಿಗುತ್ತದೆ ಅನ್ನುವುದಕ್ಕೆ ಹಿರಿಯೂರು ತಾಲ್ಲೂಕಿನ ಒಂದು ಊರನ್ನೇ ಹೇಳುತ್ತೇನೆ. ನೀರಿರುವ ಬೋರಿಗೆ ನೀಲಿ, ಓಡಿ ಬತ್ತಿದ್ದಕ್ಕೆ ಕಿತ್ತಳೆ, ಕೊರೆದ ದಿನವೇ ನೀರಿಲ್ಲದ್ದಕ್ಕೆ ಕೆಂಪು. ನೀಲಿ ಮಾತ್ರ ಹಾಕಿದಾಗ ಊರ ತುಂಬ ಚೆಲ್ಲಾಪಿಲ್ಲಿ, ಏನೂ ಅರ್ಥ ಆಗುತ್ತಿರಲಿಲ್ಲ. ಕೆಂಪು ಹಾಕಿದ ಕೂಡಲೇ ಒಂದು ಪಟ್ಟಿ ಎದ್ದು ಕಂಡಿತು. ಇಳಿಜಾರಿನ ಕೆಳಬದಿಗೆ ಒಂದರ ಹಿಂದೆ ಒಂದು ಕೆಂಪು, ಮೇಲ್ಬದಿಗೆ ನೀಲಿ ಮತ್ತು ಕಿತ್ತಳೆ. ನಡುವೆ ಹೋಗಿ ನಡೆದರೆ ಹೊಲಗಳ ಬದುವಿನ ಉದ್ದಕ್ಕೂ ಕರಿಕಲ್ಲಿನ ಗುಂಡುಗಳು ಸಾಲಾಗಿ ಬಿದ್ದಿವೆ. ಡಾಲರೈಟ್ ಡೈಕ್ ಅದು. ಹಳೆಯ ಕಲ್ಲಿನ ಬಿರುಕಿನೊಳಗೆ ಕೆಳಗಿನಿಂದ ಕಾದ ಶಿಲಾರಸ ನುಗ್ಗಿ ಗಟ್ಟಿಯಾದ ಗೋಡೆ. ನೆಲದಡಿ ಹರಿಯುವ ನೀರನ್ನು ಇದು ಮೇಲ್ಬದಿಗೆ ತಡೆದು ನಿಲ್ಲಿಸುತ್ತದೆ, ಕೆಳಬದಿಗೆ ಬಿಡುವುದು ಕಡಿಮೆ. ಕೆಳಬದಿಯ ಹೊಲದವರು ಒಬ್ಬರಾದ ಮೇಲೆ ಒಬ್ಬರು ಸಾಲ ಮಾಡಿ ಅದೇ ಪಟ್ಟಿಯಲ್ಲಿ ಕೊರೆಸಿದ್ದರು. ಪಕ್ಕದ ಹೊಲದಲ್ಲಿ ಬೋರು ಫೇಲ್ ಆಗಿದ್ದು ಗೊತ್ತಿದ್ದರೂ ನಾಲ್ಕು ಹೊಲದ ಆಚೆ ಆಗಿದ್ದು ಗೊತ್ತಿರಲಿಲ್ಲ. ಎಲ್ಲ ಒಟ್ಟಿಗೆ ಒಂದು ಹಾಳೆಯ ಮೇಲೆ ಯಾರೂ ನೋಡಿರಲಿಲ್ಲ.

ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ ಪಂಚಾಯಿತಿ ಗೋಡೆಗೆ ಹಾಕಿದೆವು. ರೈತರ ಹೆಸರು, ಫೋನ್ ನಂಬರ್ ಅದರಲ್ಲಿ ಹಾಕುವುದಿಲ್ಲ. ಆ ಮಾಹಿತಿ ಬೇರೆ ಫೈಲಿನಲ್ಲಿ ಇರುತ್ತದೆ. ಸೋತ ಬೋರಿನ ಸಾಲ ಊರಿಗೆಲ್ಲ ತೋರಿಸುವ ವಿಷಯ ಅಲ್ಲ. ಗ್ರಾಮಸಭೆಯ ದಿನ ಹಿರಿಯರು ಗೋಡೆ ಮುಂದೆ ನಿಂತು ಬಿಟ್ಟುಹೋಗಿದ್ದನ್ನೆಲ್ಲ ಹೇಳಿದರು. ಉಳುಮೆಯಲ್ಲಿ ಮುಚ್ಚಿಹೋದ ಹಳೆಯ ಬೋರುಗಳು, ತೆರೆದ ಬಾವಿ ಇದ್ದ ಜಾಗ, ಒತ್ತುವರಿಯಾದ ಹಳ್ಳದ ಹಳೆಯ ದಾರಿ. ಅವನ್ನು ಪೆನ್ನಿನಲ್ಲಿ ಗುರುತು ಮಾಡಿಕೊಂಡು, ಮರುದಿನ ಜೊತೆಗೇ ಹೋಗಿ ಜಿಪಿಎಸ್ ಹಿಡಿದೆವು.

ಈಗ ಅದೇ ಊರಿನ ಕೆಲವು ಬೋರು ಆರಿಸಿ ಮಳೆಗಾಲಕ್ಕೆ ಮುಂಚೆ ಮೇನಲ್ಲಿ, ಮಳೆ ಮುಗಿದ ಮೇಲೆ ನವೆಂಬರ್‌ನಲ್ಲಿ ನೀರಿನ ಮಟ್ಟ ಅಳೆಯುತ್ತಿದ್ದೇವೆ. ಬೋರಿಗೆ ಜಾಗ ಗುರುತಿಸಲು ಪಾಯಿಂಟ್ ಮಾಡಿಸುವ ಮುಂಚೆ ಒಮ್ಮೆ ಗೋಡೆ ನೋಡಲು ಬರುವವರಿದ್ದಾರೆ. ನೋಡಿಯೂ ಕೆಂಪು ಪಟ್ಟಿಯಲ್ಲೇ ಕೊರೆಸುವವರೂ ಇದ್ದಾರೆ, ಅವರಿಗಿರುವುದು ಅದೊಂದೇ ಹೊಲ. ನೀರು ಬರಲಿ, ಬಿಡಲಿ, ಗಾಡಿ ಹೋದ ಮೇಲೆ ಅಡಿ ಎಷ್ಟು, ಕೇಸಿಂಗ್ ಎಷ್ಟು ಅಂತ ನನಗೊಂದು ಫೋನ್ ಮಾಡಿ ಅಂತ ಎಲ್ಲರಿಗೂ ಹೇಳಿದ್ದೇನೆ. ಮಾಡುತ್ತಾರೆ.