ಫಾರ್ಮ್ಯಾಟ್ ಮಾಡುವ ಮೊದಲು ಈ ಪೆನ್‌ಡ್ರೈವ್ ರೆಡಿ ಮಾಡಿಕೊಳ್ಳಿ

ವಿಂಡೋಸ್ ಬೂಟ್ ಆಗ್ತಿಲ್ಲ ಅಂದ ತಕ್ಷಣ ಫಾರ್ಮ್ಯಾಟ್ ಮಾಡಬೇಡಿ. ಮೊದಲು ಫೈಲ್‌ಗಳನ್ನು ಉಳಿಸಿಕೊಳ್ಳಿ, ಅಲ್ವಾ?

16 ಜಿಬಿ ಪೆನ್‌ಡ್ರೈವ್ ಸಾಕು. ಅದಕ್ಕೆ ವೆಂಟಾಯ್ (Ventoy, ಒಂದೇ ಪೆನ್‌ಡ್ರೈವ್‌ನಿಂದ ಹಲವು ಸಿಸ್ಟಮ್‌ಗಳನ್ನು ಬೂಟ್ ಮಾಡಿಸುವ ಸಾಫ್ಟ್‌ವೇರ್) ಹಾಕಿ. ಹಾಕುವಾಗ ಅದರಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಆಮೇಲೆ ಐಎಸ್‌ಒ ಫೈಲ್‌ಗಳನ್ನು (ಇಡೀ ಇನ್‌ಸ್ಟಾಲ್ ಡಿಸ್ಕ್ ಒಂದೇ ಫೈಲ್ ಆಗಿರುವ ರೂಪ) ಸುಮ್ನೆ ಕಾಪಿ ಮಾಡಿದರೆ ಆಯ್ತು, ಬೂಟ್ ಮೆನುವಿನಲ್ಲಿ ಎಲ್ಲವೂ ಕಾಣುತ್ತವೆ. ವಿಂಡೋಸ್ ಇನ್‌ಸ್ಟಾಲರ್ ಜೊತೆಗೆ ಸಿಸ್ಟಮ್‌ರೆಸ್ಕ್ಯೂ (SystemRescue, ಫೈಲ್ ಉಳಿಸಲು, ಡಿಸ್ಕ್ ರಿಪೇರಿ ಮಾಡಲು ಇರುವ ಲಿನಕ್ಸ್) ಇರಲೇಬೇಕು. ತೀರಾ ಹಳೇ ಕಂಪ್ಯೂಟರ್ ಆದರೆ ಪಪ್ಪಿ ಲಿನಕ್ಸ್ ಅನ್ನೋ ಪುಟ್ಟ, ಹಗುರ ಲಿನಕ್ಸ್ ಕೂಡ ಒಳ್ಳೆಯದು.

ಸಿಸ್ಟಮ್‌ರೆಸ್ಕ್ಯೂ ಓಡಲು ಹಾರ್ಡ್ ಡಿಸ್ಕ್ ಬೇಕಾಗಿಲ್ಲ. ಬೂಟ್ ಆದ ಮೇಲೆ ‘ಸ್ಟಾರ್ಟ್‌ಎಕ್ಸ್’ (startx) ಕಮಾಂಡ್ ಕೊಟ್ಟರೆ ಡೆಸ್ಕ್‌ಟಾಪ್ ಬರುತ್ತದೆ. ಡಿಸ್ಕ್ ಟಕ್ ಟಕ್ ಸದ್ದು ಮಾಡುತ್ತಿದ್ದರೆ ವಿಂಡೋಸ್‌ನ ಡಿಸ್ಕ್ ರಿಪೇರಿ ಕಮಾಂಡ್ ಚೆಕ್‌ಡಿಸ್ಕ್ (chkdsk) ಓಡಿಸಲೇಬೇಡಿ. ಸಾಯುತ್ತಿರುವ ಡಿಸ್ಕ್‌ಗೆ ಅದು ಇನ್ನೂ ಜಾಸ್ತಿ ಹೊರೆ. ಸಿಸ್ಟಮ್‌ರೆಸ್ಕ್ಯೂದಲ್ಲೇ ಇರುವ ಡಿಡಿರೆಸ್ಕ್ಯೂ (ddrescue) ಟೂಲ್‌ನಿಂದ ಬೇರೆ ಡಿಸ್ಕ್‌ಗೆ ನಕಲು ತೆಗೆದು, ಆ ನಕಲಿನ ಮೇಲೆ ಮಾತ್ರ ರಿಪೇರಿ ಮಾಡಿ. ಮೂಲ ಡಿಸ್ಕ್ ಯಾವುದು, ಹೊಸದು ಯಾವುದು ಅಂತ ಎರಡೆರಡು ಸಲ ನೋಡಿಕೊಳ್ಳಿ. ಅದಲುಬದಲಾದರೆ ಎಲ್ಲ ಹೋಯ್ತು.

ಇನ್ನೊಂದು ವಿಷಯ. ಈ ಪೆನ್‌ಡ್ರೈವ್‌ನಿಂದ ಬೂಟ್ ಆಗಲು ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆದ ಕೂಡಲೇ ತೆರೆಯಬಹುದಾದ ಸೆಟಪ್) ಸೆಕ್ಯೂರ್ ಬೂಟ್ ಅನ್ನೋ ಭದ್ರತಾ ಆಯ್ಕೆ ಆಫ್ ಮಾಡಬೇಕಾಗಬಹುದು. ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ಇದ್ದರೆ 48 ಅಂಕಿಯ ರಿಕವರಿ ಕೀ ಬೇಕೇ ಬೇಕು. ಕಂಪ್ಯೂಟರ್ ಚೆನ್ನಾಗಿರುವಾಗಲೇ, ಅಂದರೆ ಇವತ್ತೇ, ಅದನ್ನು ಬರೆದಿಟ್ಟುಕೊಳ್ಳಿ.