ಸಂಜೆಯ ಓವರ್‌ಟೈಮನ್ನು ಬೆಳಿಗ್ಗೆಗೆ ತಂದ ನನ್ನ ಅನುಭವ

ಕಾರವಾರದ ನನ್ನ ಫ್ಯಾಬ್ರಿಕೇಷನ್ ಶೆಡ್ಡಿನ ಕೆಲಸಗಾರರಲ್ಲಿ ಹೆಚ್ಚಿನವರು ಅಂಕೋಲಾ ಕಡೆಯಿಂದ ಬಸ್ಸಿನಲ್ಲಿ ಬರುವವರು. ಓವರ್‌ಟೈಮನ್ನು ಬೆಳಿಗ್ಗೆ ಏಳರಿಂದ ಒಂಬತ್ತಕ್ಕೆ ಇಡುತ್ತೇನೆಂದಾಗ, "ಏಳು ಗಂಟೆಗೆ ವೆಲ್ಡಿಂಗ್ ಹಿಡಿಯುವವರು ಯಾರಿದ್ದಾರೆ ಮಾರಾಯರೇ" ಎಂದು ಇದೇ ವ್ಯವಹಾರದ ಗೆಳೆಯರು ನಕ್ಕಿದ್ದರು. ಈಗ ಅವರಲ್ಲಿಬ್ಬರು ಬಂದು ನನ್ನ ಹಾಜರಿ ಪುಸ್ತಕ ನೋಡಿಕೊಂಡು ಹೋಗಿದ್ದಾರೆ.

ದಿನಕ್ಕೆ ಸುಮಾರು 600 ರೂಪಾಯಿ ಪಡೆಯುವವನಿಗೆ ಗಂಟೆಗೆ 75 ಬಿದ್ದರೆ, ದುಪ್ಪಟ್ಟು ದರದಲ್ಲಿ ಎರಡು ಗಂಟೆಗೆ 300 ಆಗುತ್ತದೆ. ಆದರೆ ಸಂಜೆ ಏಳೂವರೆಗೆ ಬಿಟ್ಟವನಿಗೆ ತನ್ನ ಬಸ್ಸು ತಪ್ಪಿರುತ್ತಿತ್ತು. 50 ರೂಪಾಯಿಯ ದಾರಿಗೆ ಬಾಡಿಗೆ ಗಾಡಿಯಲ್ಲಿ ಪಾಲು ಹಾಕಿ 180 ಕೊಡುತ್ತಿದ್ದ, ಗಾಡಿ ತುಂಬಲು ಅರ್ಧ ಗಂಟೆ ಕಾಯುತ್ತಿದ್ದ. ಹೆಚ್ಚುವರಿ 130 ಕಳೆದು ಕೈಗುಳಿದ 170ನ್ನು ಎರಡೂವರೆ ಗಂಟೆಗೆ ಹಂಚಿದರೆ ಗಂಟೆಗೆ 68, ಅಂದರೆ ಮಾಮೂಲಿ ಕೂಲಿಗಿಂತಲೂ ಕಡಿಮೆ. ಐದೂವರೆಯ ನಂತರ ಎಲ್ಲರ ಕಣ್ಣು ಗಡಿಯಾರದ ಮೇಲಿರುತ್ತಿದ್ದುದಕ್ಕೆ ಸೋಮಾರಿತನ ಕಾರಣವಾಗಿರಲಿಲ್ಲ. ಎರಡು ಗಂಟೆಗೆ ದುಡ್ಡು ತೆತ್ತ ನನಗೆ ದೊರೆಯುತ್ತಿದ್ದದ್ದು ಹೆಚ್ಚೆಂದರೆ ಒಂದೂಕಾಲು ಗಂಟೆಯ ಕೆಲಸ.

ಇದಕ್ಕೂ ಮೊದಲು ಕೆಲಸಗಾರರು ಉಳಿಯಲೆಂದು ಶೆಡ್ಡಿನ ಹತ್ತಿರ ಕೋಣೆ ಹಿಡಿದಿದ್ದೆ. ವಾರದೊಳಗೆ ಎಲ್ಲರೂ ಮನೆಗೆ ಮರಳಿದರು, ಹದಿನೈದು ಸಾವಿರದಷ್ಟು ಮುಳುಗಿತು. ಕುಮಟಾ ಕಡೆಯವರಿಗೆಂದು ವ್ಯಾನ್ ಗೊತ್ತು ಮಾಡಿದ್ದು 2024ರ ಮಳೆಗಾಲದಲ್ಲಿ. ಜುಲೈ 16ರಂದು ಅದೇ ದಾರಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತು, ಕೊಟ್ಟ ಮುಂಗಡ ಹಿಂದಿರುಗಲಿಲ್ಲ.

ಬೆಳಗಿನ ಪಾಳಿಯಲ್ಲಿ ಹೋಗುವಾಗಲೂ ಬರುವಾಗಲೂ ಬಸ್ಸೇ ಇರುವುದರಿಂದ 300 ಇಡಿಯಾಗಿ ಮನೆ ಸೇರುತ್ತದೆ. ಏಳರಿಂದ ಐದೂವರೆ, ನಡುವೆ ಅರ್ಧ ಗಂಟೆ ಊಟ. ಅದೂ ವಾರಕ್ಕೆ ನಾಲ್ಕೇ ದಿನ. ಕಾರ್ಖಾನೆ ಕಾಯ್ದೆಗೆ ರಾಜ್ಯ ತಂದ 2023ರ ತಿದ್ದುಪಡಿ ಮೂರು ತಿಂಗಳ ಓವರ್‌ಟೈಮ್ ಮಿತಿಯನ್ನು 75 ಗಂಟೆಯಿಂದ 144ಕ್ಕೆ ಏರಿಸಿತೆಂದು ಹಿಗ್ಗಿದವರಿದ್ದಾರೆ, ಆದರೆ ವಾರವಿಡೀ ಎರಡೆರಡು ಗಂಟೆ ಮಾಡಿಸಿದರೆ ಆ ಮಿತಿಯೂ ದಾಟುತ್ತದೆ. ನನ್ನದು 104ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಎಂಟು ಜನರ ಓವರ್‌ಟೈಮ್ ಬಾಬ್ತು ತಿಂಗಳಿಗೆ 57 ಸಾವಿರದಿಂದ 38 ಸಾವಿರಕ್ಕೆ ಇಳಿಯಿತು. ಅವಲಕ್ಕಿ, ಚಹಾಕ್ಕೆ ನಾಲ್ಕು ಸಾವಿರ ಹೋದರೂ ಕೆಲಸ ಮೊದಲಿನಷ್ಟೇ ಹೊರಬೀಳುತ್ತಿದೆ. ಮೊದಲ ಎರಡು ಗಂಟೆಗೆ ಯಾವ ಕೆಲಸವನ್ನು ತೆಗೆದಿಡಬೇಕು, ಹೆಡ್ ವೆಲ್ಡರನನ್ನು ಒಪ್ಪಿಸಿದ್ದು ಹೇಗೆ ಎಂಬುದನ್ನು ಬರೆಯಲಾರೆ. ಪಕ್ಕದ ಶೆಡ್ಡಿನವರೂ ಇದನ್ನು ಓದುತ್ತಾರೆ.

ಪೇಂಟಿಂಗ್ ವಿಭಾಗದ ಮಹಿಳೆಯರ ಮೇಲೂ ಇದನ್ನೇ ಪ್ರಯೋಗಿಸಿ ನೋಡಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವರ ಬಸ್ ಪ್ರಯಾಣ ಉಚಿತವಾದ ಕಾರಣ ಟಿಕೆಟ್ ದುಡ್ಡು ಅವರ ಲೆಕ್ಕದಲ್ಲಿಯೇ ಇಲ್ಲ. ಅವರು ಅಳೆಯುವುದು ಬೆಳಗಿನ ಅಡುಗೆಯ ಹೊತ್ತನ್ನು. ಓವರ್‌ಟೈಮ್ ಬೇಡವೆಂದು ಅರ್ಧ ಗಂಟೆ ತಡವಾಗಿ ಬರುವ ಅನುಮತಿ ಕೇಳಿದರು, ಕೊಟ್ಟೆ. ಪೇಂಟಿಂಗಿನ ಕೆಲಸ ಇದುವರೆಗೆ ಒಂದು ದಿನವೂ ಹಿಂದೆ ಬಿದ್ದಿಲ್ಲ.