ಎರಡು ಫ್ಲಾಸ್ಕು, ಒಂದಿಷ್ಟು ಹೆಸರುಕಾಳು, ಕಾಣೆಯಾದ 13 ಗ್ರಾಂ

ಹತ್ತನೇ ತರಗತಿಗೆ ಉಸಿರಾಟದ ಪಾಠ ಮಾಡುವಾಗ ಪ್ರತಿ ವರ್ಷ ಬೋರ್ಡಿನ ಮೇಲೆ ಅದೇ ಸಾಲು ಬರೆಯುತ್ತಿದ್ದೆ. ಗ್ಲುಕೋಸ್, ಆಕ್ಸಿಜನ್ ಸೇರಿ ಕಾರ್ಬನ್ ಡೈಆಕ್ಸೈಡ್, ನೀರು ಮತ್ತು ಶಕ್ತಿ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: "ಸಾರ್, ಗಾಳಿ ಮೂಗಿಂದ ಹೋಗುತ್ತೆ, ನೀರೂ ಹೋಗುತ್ತೆ. ಶಕ್ತಿ ಬಿಡುಗಡೆ ಆಗಿ ಎಲ್ಲಿಗೆ ಹೋಗುತ್ತೆ?" ಎಟಿಪಿ ಅಂದೆ, ಜೀವಕೋಶ ತನ್ನ ಕೆಲಸಗಳಿಗೆ ಶಕ್ತಿಯನ್ನು ಖರ್ಚು ಮಾಡಲು ಬಳಸುವ ಅಣು. ಅವಳು ತಲೆಯಾಡಿಸಿ ಕೂತಳು, ಆದರೆ ಅರ್ಥ ಆಗಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಕೈಗೆ ಸಿಗುವ ಹಾಗೆ ತೋರಿಸಬೇಕು ಅಂತ ಆವತ್ತೇ ತೀರ್ಮಾನ ಮಾಡಿದೆ. ನಮ್ಮದು ಸಾಗರದ ಕಡೆಯ ಹೈಸ್ಕೂಲು, ಲ್ಯಾಬಿನಲ್ಲಿ ಇದ್ದದ್ದು ಎರಡು ಥರ್ಮಾಮೀಟರ್. ಮನೆಯಿಂದ ಎರಡು ಫ್ಲಾಸ್ಕ್ ತಂದೆ. ರಾತ್ರಿ ನೆನೆಸಿ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಇಣುಕಿದ ಹೆಸರುಕಾಳು ಒಂದಕ್ಕೆ. ನೆನೆಸಿ, ಕುದಿಸಿ, ಆರಿಸಿದ ಕಾಳು ಇನ್ನೊಂದಕ್ಕೆ. ಸತ್ತ ಕಾಳು ಉಸಿರಾಡುವುದಿಲ್ಲ, ಹಾಗಾಗಿ ಬಿಸಿ ಆಗಬಾರದು. ಬದುಕಿರುವ ಕಾಳು ಬಿಸಿ ಆಗಬೇಕು.

ಮೊದಲ ಸಲ ಮುಚ್ಚಳ ಬಿಗಿಯಾಗಿ ತಿರುಗಿಸಿಬಿಟ್ಟಿದ್ದೆ, ಶಾಖ ಹೊರಗೆ ಹೋಗದಿರಲಿ ಅಂತ. ಸ್ವಲ್ಪ ಏರಿದ್ದು ಅಲ್ಲಿಗೇ ನಿಂತಿತು. ಮರುದಿನ ತೆರೆದರೆ ಹುಳಿ ವಾಸನೆ, ಮೊಳಕೆ ಬೆಳೆದೇ ಇರಲಿಲ್ಲ. ಒಳಗಿದ್ದ ಆಕ್ಸಿಜನ್ ಮುಗಿದಿತ್ತು. ಆಕ್ಸಿಜನ್ ಇಲ್ಲದೆ ಒಂದು ಗ್ಲುಕೋಸಿನಿಂದ ಜೀವಕೋಶಕ್ಕೆ ಸಿಗುವುದು ಬರೀ 2 ಎಟಿಪಿ. ಆಕ್ಸಿಜನ್ ಇದ್ದರೆ ಸುಮಾರು 30. (ಹಳೆಯ ಪುಸ್ತಕಗಳಲ್ಲಿ 36, 38 ಅಂತ ಇರುತ್ತದೆ, ಈಗಿನ ಲೆಕ್ಕ ಅದಕ್ಕಿಂತ ಕಡಿಮೆ.) ಎರಡನೇ ಸಲ ಮುಚ್ಚಳದ ಬದಲು ಹತ್ತಿ ತುರುಕಿದೆ. ಗಾಳಿಯೂ ಆಡುತ್ತದೆ, ಶಾಖವೂ ಬೇಗ ಹೋಗುವುದಿಲ್ಲ.

ಈ ಸಲ ಏರಿತು. ಕೋಣೆ 24 ಡಿಗ್ರಿ, ಎರಡನೇ ದಿನ ಫ್ಲಾಸ್ಕಿನೊಳಗೆ 31. ಮಕ್ಕಳು ಸಾಲಾಗಿ ಬಂದು ನೋಡಿದರು. ಆದರೆ ನಾಲ್ಕನೇ ದಿನ ಕುದಿಸಿದ ಕಾಳಿನ ಫ್ಲಾಸ್ಕೂ 28 ತೋರಿಸಿತು!

ನಾನು ಥರ್ಮಾಮೀಟರ್ ಕೆಟ್ಟಿದೆ ಅಂದುಕೊಂಡೆ. ಉತ್ತರ ಸಿಕ್ಕಿದ್ದು ಒಬ್ಬ ಹುಡುಗನಿಂದ. "ಸಾರ್, ಹಸಿ ಹುಲ್ಲು ಬಣವೆ ಹಾಕಿದ್ರೂ ಒಳಗೆ ಬಿಸಿ ಬರುತ್ತಲ್ಲ, ಹುಲ್ಲು ಸತ್ತಿರುತ್ತೆ ಅಲ್ವಾ?" ಅಂದ. ಹೌದು, ಕೊಯ್ದು ಕೆಲವು ದಿನ ಆದ ಮೇಲೆ ಹುಲ್ಲು ಸತ್ತಿರುತ್ತದೆ. ಬದುಕಿರುವುದು ಅದನ್ನು ತಿನ್ನುವ ಬೂಸ್ಟು, ಬ್ಯಾಕ್ಟೀರಿಯಾ. ಬೆಂದ ಕಾಳಿನಲ್ಲೂ ಅದೇ ಆಗಿತ್ತು. ಮೂಸಿ ನೋಡಿದರೆ ಹಳಸಿದ ವಾಸನೆ. ಕಾಳಿನ ಕೋಶ ಸತ್ತರೂ ಅದರೊಳಗೆ ಕೂಡಿಟ್ಟ ಪಿಷ್ಟ ಹಾಗೇ ಇರುತ್ತದೆ, ಪಿಷ್ಟ ಒಡೆಯಬಲ್ಲ ಬೇರೆ ಕೋಶ ಬಂದರೆ ಅದರಿಂದ ಶಕ್ತಿ ತೆಗೆಯಬಹುದು. ನಾನು ಯೋಜಿಸಿದ್ದ ಪಾಠಕ್ಕಿಂತ ಇದೇ ದೊಡ್ಡ ಪಾಠ ಆಯಿತು. ಮುಂದಿನ ಸಲ ಎರಡೂ ಬಗೆಯ ಕಾಳನ್ನು ತೆಳುವಾದ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಕುದಿಸಿ ಆರಿಸಿದ ನೀರಿನಲ್ಲಿ ಚೆನ್ನಾಗಿ ತೊಳೆದೆವು, ಫ್ಲಾಸ್ಕಿಗೂ ಕುದಿನೀರು ಹಾಕಿದೆವು. ನೀವು ಮಾಡುವುದಾದರೆ ಈ ಕೆಲಸ ಮಕ್ಕಳ ಕೈಗೆ ಕೊಡಬೇಡಿ, ನೀವೇ ಮಾಡಿ. ಆಗ ಬೆಂದ ಕಾಳು ನಾಲ್ಕು ದಿನವೂ ಕೋಣೆಯಷ್ಟೇ ಇತ್ತು.

ಇಷ್ಟಾದ ಮೇಲೆ ಎಟಿಪಿ ಹೇಳುವುದು ಸುಲಭ. ಎಟಿಪಿ ಕೂಡಿಡುವ ವಸ್ತು ಅಲ್ಲ, ಮಕ್ಕಳು ಇಲ್ಲೇ ಜಾಸ್ತಿ ತಪ್ಪುವುದು. ಕೂಡಿಡುವುದು ಪಿಷ್ಟ, ಕೊಬ್ಬು. ಎಟಿಪಿ ಮಾಡಿದ ತಕ್ಷಣ ಖರ್ಚಾಗುತ್ತದೆ, ಮತ್ತೆ ತಯಾರಾಗುತ್ತದೆ. ನಮ್ಮ ಮೈಯಲ್ಲಿ ಯಾವ ಹೊತ್ತಿಗೂ ಅದು ಸ್ವಲ್ಪವೇ ಇರುತ್ತದೆ, ಆದರೆ ಒಂದು ದಿನದಲ್ಲಿ ಮಾಡಿ ಮುಗಿಸಿದ್ದನ್ನೆಲ್ಲ ಒಟ್ಟು ಹಾಕಿದರೆ ಹತ್ತಿರ ಹತ್ತಿರ ನಮ್ಮ ತೂಕದಷ್ಟಾಗುತ್ತದೆ. ಅದು ತಯಾರಾಗುವ ಬಗೆಗೆ ನಮ್ಮ ಮಕ್ಕಳಿಗೆ ಲಿಂಗನಮಕ್ಕಿ ಅಣೆಕಟ್ಟಿನ ಹೋಲಿಕೆ ಸಾಕು. ಜೀವಕೋಶದೊಳಗೆ ಎಟಿಪಿ ತಯಾರಿಸುವ ಪುಟ್ಟ ಭಾಗವಾದ ಮೈಟೋಕಾಂಡ್ರಿಯದ ಒಳಪೊರೆಯೇ ಅಣೆಕಟ್ಟು. ಆಹಾರದಿಂದ ಬಂದ ಎಲೆಕ್ಟ್ರಾನುಗಳ ಶಕ್ತಿಯಿಂದ ಪ್ರೋಟಾನುಗಳನ್ನು ಪೊರೆಯ ಆಚೆಗೆ ತಳ್ಳಿ ತುಂಬಿಸಲಾಗುತ್ತದೆ, ಅವು ವಾಪಸ್ ಬರಲು ಇರುವ ದಾರಿಯಲ್ಲಿ ನಿಜಕ್ಕೂ ತಿರುಗುವ ಒಂದು ಯಂತ್ರ ಇದೆ, ಅದು ತಿರುಗಿದಾಗ ಎಟಿಪಿ ತಯಾರಾಗುತ್ತದೆ. 1961ರಲ್ಲಿ ಬ್ರಿಟನ್ನಿನ ವಿಜ್ಞಾನಿ ಪೀಟರ್ ಮಿಚೆಲ್ ಇದನ್ನು ಹೇಳಿದಾಗ ಬಹಳ ಜನ ಒಪ್ಪಲಿಲ್ಲ. 1978ರಲ್ಲಿ ಅದಕ್ಕೇ ನೊಬೆಲ್ ಬಂತು. ಎಲೆಯ ಹಸಿರು ಕಣದೊಳಗೂ ಇಂಥದ್ದೇ ಯಂತ್ರ, ಅಲ್ಲಿ ತುಂಬಿಸುವುದು ಬಿಸಿಲು. ಗ್ಲುಕೋಸಿನ ಶಕ್ತಿಯೆಲ್ಲ ಎಟಿಪಿಗೆ ಸೇರುವುದಿಲ್ಲ, ದೊಡ್ಡ ಪಾಲು ಶಾಖವಾಗಿ ಹೋಗುತ್ತದೆ. ಫ್ಲಾಸ್ಕಿನಲ್ಲಿ ನಾವು ನೋಡಿದ್ದು ಅದನ್ನೇ.

ಕೊನೆಗೆ ತೂಕ. ಇದನ್ನು ಯಾರೂ ಬಿಡಬಾರದು. 100 ಗ್ರಾಂನ ಎರಡು ಪಾಲು ಕಾಳು ತೆಗೆದುಕೊಂಡು ಒಂದನ್ನು ಕತ್ತಲಲ್ಲಿ ಆರು ದಿನ ಮೊಳಕೆ ಬರಿಸಿದೆವು, ಆಮೇಲೆ ಎರಡನ್ನೂ ಒಂದೇ ಬಿಸಿಲಿಗೆ ಹಾಕಿ, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿದೆವು. ಉದ್ದುದ್ದ ಬೆಳೆದಿದೆ, ತೂಕ ಜಾಸ್ತಿ ಇರುತ್ತದೆ ಅಂತ ಇಡೀ ಕ್ಲಾಸು ಹೇಳಿತ್ತು. ಸುಮ್ನೆ ಒಣಗಿಸಿದ್ದು 97, ಮೊಳಕೆಯದ್ದು 84. ತೊಳೆದ ನೀರಿನಲ್ಲಿ ಹೋಗಿರಬಹುದು ಸಾರ್ ಅಂತ ಒಬ್ಬಳು ಹಿಡಿದಳು. ಸರಿಯಾದ ಮಾತು, ಮುಂದಿನ ಸಲ ತೊಳೆಯದೆ ನೀರು ಚಿಮುಕಿಸಿಯೇ ಮಾಡಿದೆವು, ಆಗಲೂ ಕಡಿಮೆಯೇ ಬಂತು. ಆ ಗ್ರಾಂಗಳು ಗಾಳಿಯಾಗಿ, ನೀರಾಗಿ ಹೋದವು. ಹಿಂದಿನ ಬೆಳೆಯಲ್ಲಿ ಎಲೆ ಹಿಡಿದಿಟ್ಟ ಬಿಸಿಲು ಕಾಳಿನಿಂದ ಅಷ್ಟರಮಟ್ಟಿಗೆ ಹೊರಗೆ ಬಂತು.

ಮೊದಲು ಪ್ರಶ್ನೆ ಕೇಳಿದ ಹುಡುಗಿ ಮಳೆಗಾಲದ ಶುರುವಿನಲ್ಲಿ ಥರ್ಮಾಮೀಟರ್ ಕೇಳಿ ಮನೆಗೆ ತೆಗೆದುಕೊಂಡು ಹೋದಳು. ಅವಳ ಅಪ್ಪ ಬಿತ್ತನೆಗೆ ಭತ್ತ ನೆನೆಸಿ ಗೋಣಿಚೀಲದಲ್ಲಿ ಮೊಳಕೆಗೆ ಇಟ್ಟಿದ್ದರು. ಮರುದಿನ ಚೀಟಿಯಲ್ಲಿ ಬರೆದು ತಂದಳು: ಹೊರಗೆ 25, ಚೀಲದ ನಡುವೆ 38.